ರಿಕವರಿ ಪಾರ್ಟಿಷನ್ ಅಳಿಸಿ ಎನ್ನುವವರಿಗೆ

ಮನೆಗೆ ಹೊಸ ಲ್ಯಾಪ್‌ಟಾಪ್ ಬಂದ ವಾರದೊಳಗೆ ಅದರ ಹಿಂದೆಯೇ ಒಂದು ಉಪದೇಶವೂ ಬರುತ್ತದೆ. ಕಂಪ್ಯೂಟರ್ ಬಲ್ಲ ಗೆಳೆಯರು, ಆಫೀಸಿನ ಐಟಿ ವಿಭಾಗದವರು, ವಿಡಿಯೊ ಮಾಡಿ ಹಾಕುವವರು, ಎಲ್ಲರ ಬಾಯಲ್ಲೂ ಅದೇ ಮಾತು: 'ಕಂಪನಿಯವರು ರಿಕವರಿ ಪಾರ್ಟಿಷನ್ ಅಂತ ಸುಮ್ಮನೆ ಜಾಗ ಹಿಡಿದಿಟ್ಟಿರುತ್ತಾರೆ. ಮೊದಲು ಅದನ್ನು ಅಳಿಸಿ. ವಿಂಡೋಸ್ ಬೇಕಾದರೆ ಯಾವಾಗ ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು.' ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ, ಅಳಿಸುವುದು ತಿಳಿವಳಿಕೆಯ ಗುರುತು, ಉಳಿಸಿಕೊಳ್ಳುವುದು ಅಂಜುಬುರುಕರ ಲಕ್ಷಣ ಎಂಬ ಭಾವನೆಯೇ ಬೇರೂರಿಬಿಟ್ಟಿದೆ.

ಈ ಉಪದೇಶ ತಪ್ಪು. ಅದು ಉಳಿಸಿಕೊಡುವ ಜಾಗ ಅತ್ಯಲ್ಪ, ಕಿತ್ತುಕೊಳ್ಳುವ ಶಕ್ತಿ ದೊಡ್ಡದು. ತನ್ನ ಲ್ಯಾಪ್‌ಟಾಪ್ ಕೆಟ್ಟಾಗ ಯಾರ ಕೈಗೂ ಕೊಡದೆ, ಯಾರ ಬಾಗಿಲಿಗೂ ಹೋಗದೆ, ತಾನೇ ಅದನ್ನು ಮತ್ತೆ ನಿಲ್ಲಿಸಿಕೊಳ್ಳುವ ಶಕ್ತಿ ಅದು. ಈ ಸಲಹೆ ಕೊಡುವವರಿಗೆ ಆ ಪಾರ್ಟಿಷನ್ ಬೇಕಾಗುವುದಿಲ್ಲ, ನಿಜ. ಅವರ ಚೀಲದಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ಇರುತ್ತದೆ, ಮನೆಯಲ್ಲಿ ಎರಡನೆಯ ಕಂಪ್ಯೂಟರ್ ಇರುತ್ತದೆ, ತಲೆಯಲ್ಲಿ ಅನುಭವ ಇರುತ್ತದೆ. ತಮಗೆ ಬೇಡವಾದದ್ದು ಯಾರಿಗೂ ಬೇಡ ಎಂದು ಅವರು ತೀರ್ಮಾನಿಸಿರುವುದೇ ಇಲ್ಲಿನ ಮೂಲ ದೋಷ.

ಅಳಿಸಬೇಕು ಎನ್ನುವ ವಸ್ತು ಯಾವುದು ಎಂಬುದನ್ನೇ ಈ ಉಪದೇಶ ಸರಿಯಾಗಿ ಹೇಳುವುದಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಮೊದಲಲ್ಲಿ ಸಾಮಾನ್ಯವಾಗಿ 100ರಿಂದ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಇರುತ್ತದೆ. ಅದಿಲ್ಲದೆ ವಿಂಡೋಸ್ ಶುರುವಾಗುವುದೇ ಇಲ್ಲ. ಆಮೇಲೆ ಸಿ ಡ್ರೈವ್. ಅದರಾಚೆ 'ರಿಕವರಿ ಪಾರ್ಟಿಷನ್' ಎಂಬ ಒಂದೇ ಹಣೆಪಟ್ಟಿ ಹೊತ್ತ ತುಂಡುಗಳು, ಕೆಲವೊಮ್ಮೆ ಎರಡು, ಕೆಲವೊಮ್ಮೆ ಮೂರು. ಹೆಸರು ಒಂದೇ ಆದರೂ ಅವು ಮಾಡುವ ಕೆಲಸ ಬೇರೆ ಬೇರೆ. ಚಿಕ್ಕದು, ಅರ್ಧದಿಂದ ಒಂದು ಜಿಬಿಯ ಆಸುಪಾಸಿನದು, ಮೈಕ್ರೊಸಾಫ್ಟಿನ ವಿಂಡೋಸ್ ರಿಕವರಿ ಎನ್ವಿರಾನ್‌ಮೆಂಟ್. ಸ್ಟಾರ್ಟಪ್ ರಿಪೇರಿ, ಕೆಟ್ಟ ಅಪ್‌ಡೇಟ್ ತೆಗೆಯುವ ಸೌಲಭ್ಯ, ಕಮಾಂಡ್ ಪ್ರಾಂಪ್ಟ್, 'ರಿಸೆಟ್ ದಿಸ್ ಪಿಸಿ' ಎಲ್ಲವೂ ಅದರ ಆಸರೆಯಲ್ಲಿ ನಡೆಯುತ್ತವೆ. ದೊಡ್ಡದು, ಹತ್ತರಿಂದ ಇಪ್ಪತ್ತು ಜಿಬಿ ಹಿಡಿಯುವುದು, ತಯಾರಕರದು. ಕಾರ್ಖಾನೆಯಿಂದ ಹೊರಟಾಗ ಲ್ಯಾಪ್‌ಟಾಪ್ ಹೇಗಿತ್ತೋ ಹಾಗೇ ಮರಳಿ ತರುವ ಪೂರ್ತಿ ಪ್ರತಿ ಅದರಲ್ಲಿರುತ್ತದೆ. ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆಗೆ ಎಫ್10, ಆಸುಸ್‌ನಲ್ಲಿ ಎಫ್9, ಲೆನೊವೊದ ಅನೇಕ ಮಾದರಿಗಳಲ್ಲಿ ಪಕ್ಕದ ಸಣ್ಣ ತೂತಿನೊಳಗಿನ ನೊವೊ ಗುಂಡಿ: ಇವೆಲ್ಲ ಆ ಪ್ರತಿಯನ್ನು ಎಬ್ಬಿಸಲೆಂದು ಇಟ್ಟ ಕೀಲಿಗಳು. 'ರಿಕವರಿ ಅಂತ ಕಂಡದ್ದನ್ನೆಲ್ಲ ಅಳಿಸಿ' ಎನ್ನುವ ಮಾತು ಈ ಎರಡನ್ನೂ ಒಂದೇ ಏಟಿಗೆ ಕಡಿಯುತ್ತದೆ.

ಮೈಕ್ರೊಸಾಫ್ಟ್ ಇದಕ್ಕೊಂದು ತಡೆಯನ್ನೂ ಇಟ್ಟಿದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ರಿಕವರಿ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಲೀಟ್ ಎಂಬ ಆಯ್ಕೆ ಸಿಗುವುದಿಲ್ಲ. ಆದ್ದರಿಂದ ಉಪದೇಶಕರು ಡಿಸ್ಕ್‌ಪಾರ್ಟ್ ಎಂಬ ಆಜ್ಞಾ ಸಾಧನ ತೆರೆಸಿ, ಪಾರ್ಟಿಷನ್ನಿನ ಸಂಖ್ಯೆ ಆರಿಸಿ, ಡಿಲೀಟ್ ಆಜ್ಞೆಯ ಕೊನೆಗೆ 'ಓವರ್‌ರೈಡ್' ಎಂದು ಸೇರಿಸಲು ಹೇಳಿಕೊಡುತ್ತಾರೆ. ಡಿಸ್ಕ್‌ಪಾರ್ಟ್ 'ಖಚಿತವೇ?' ಎಂದು ಕೇಳುವುದಿಲ್ಲ. ಸಂಖ್ಯೆ ಒಂದು ಆಚೀಚೆಯಾದರೆ ಹೋಗುವುದು ಇಎಫ್‌ಐ ಪಾರ್ಟಿಷನ್, ಇಲ್ಲವೇ ಫೋಟೊ, ಪ್ರಾಜೆಕ್ಟ್ ವರದಿ ತುಂಬಿದ ಡ್ರೈವ್. ಮೊದಲ ಬಾರಿ ಲ್ಯಾಪ್‌ಟಾಪ್ ಹಿಡಿದ ಪದವಿ ವಿದ್ಯಾರ್ಥಿನಿಗೆ ಇದನ್ನು ಮೊದಲ ಪಾಠವಾಗಿ ಕಲಿಸುವುದು ಹೊಣೆಗೇಡಿತನ.

ಇನ್ನು ಜಾಗದ ಲೆಕ್ಕ. ಪೆಟ್ಟಿಗೆಯ ಮೇಲೆ 512 ಜಿಬಿ ಎಂದಿರುತ್ತದೆ, ವಿಂಡೋಸ್ ತೋರಿಸುವುದು ಸುಮಾರು 477. ಈ ಮೂವತ್ತೈದನ್ನು ರಿಕವರಿ ಪಾರ್ಟಿಷನ್ ನುಂಗಿತು ಎಂದು ಬಹಳಷ್ಟು ಜನ ನಂಬಿದ್ದಾರೆ. ನುಂಗಿದ್ದು ಏನೂ ಇಲ್ಲ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸಿ ಒಂದು ಜಿಬಿಗೆ ಸುಮಾರು 107 ಕೋಟಿ ಬೈಟ್ ಹಿಡಿಯುತ್ತದೆ. ವ್ಯತ್ಯಾಸ ಬರುವುದು ಅಲ್ಲಿಂದ. ಎಲ್ಲ ಪಾರ್ಟಿಷನ್ ಅಳಿಸಿದರೂ ಆ ಮೂವತ್ತೈದು ಬರುವುದಿಲ್ಲ. ತಯಾರಕರ ಪ್ರತಿ ಇಪ್ಪತ್ತು ಜಿಬಿ ಇದೆ ಎಂದೇ ಇಟ್ಟುಕೊಂಡರೂ ಅದು ಒಟ್ಟು ಡಿಸ್ಕಿನ ನೂರಕ್ಕೆ ನಾಲ್ಕರಷ್ಟು. ಮೈಕ್ರೊಸಾಫ್ಟಿನ ಚಿಕ್ಕ ಪಾರ್ಟಿಷನ್ನಂತೂ ನೂರಕ್ಕೆ ಕಾಲು ಭಾಗ ಮುಟ್ಟುವುದೂ ಕಷ್ಟ.

ಅಳಿಸಿದ ಆ ಜಾಗವಾದರೂ ಕೈಗೆ ಬರುತ್ತದೆಯೇ? ಸಿ ಡ್ರೈವನ್ನು ವಿಸ್ತರಿಸಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ತಾಗಿಕೊಂಡೇ ಇರಬೇಕು. ನಡುವೆ ಇನ್ನೊಂದು ಪಾರ್ಟಿಷನ್ ಇದ್ದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಮಸುಕಾಗಿಯೇ ಉಳಿಯುತ್ತದೆ, ಖಾಲಿ ಜಾಗ ಡಿಸ್ಕಿನ ತುದಿಯಲ್ಲಿ ಅನಾಥವಾಗಿ ಬಿದ್ದಿರುತ್ತದೆ. ಆಗ ಪಾರ್ಟಿಷನ್‌ಗಳನ್ನು ಸರಿಸುವ ಇನ್ನೊಂದು ತಂತ್ರಾಂಶ ತರಬೇಕು. ಸರಿಸುವ ಹೊತ್ತಿನಲ್ಲಿ ಬ್ಯಾಟರಿ ಮುಗಿದರೆ ಸಿ ಡ್ರೈವೇ ಹೋಗಬಹುದು. ಕೆಲವು ಸಿನಿಮಾಗಳಷ್ಟು ಜಾಗಕ್ಕಾಗಿ ಇಡೀ ಡಿಸ್ಕನ್ನು ಪಣಕ್ಕಿಡುವುದು ಯಾವ ಜಾಣತನ? ಜಾಗ ನಿಜವಾಗಿಯೂ ಸಾಲದಿದ್ದರೆ ಡೌನ್‌ಲೋಡ್ಸ್ ಫೋಲ್ಡರ್ ಮತ್ತು ಹಳೆಯ ಅಪ್‌ಡೇಟ್ ಉಳಿಸಿಹೋದ 'ವಿಂಡೋಸ್.ಓಲ್ಡ್' ಖಾಲಿ ಮಾಡಿದರೆ ಎಷ್ಟೋ ಸಲ ಇದಕ್ಕಿಂತ ಹೆಚ್ಚೇ ಸಿಗುತ್ತದೆ.

ಈ ಉಪದೇಶ ಹುಟ್ಟಿದ ಕಾಲಕ್ಕೆ ಅದಕ್ಕೊಂದು ಅರ್ಥವಿತ್ತು. ವಿಂಡೋಸ್ 7ರ ದಿನಗಳಲ್ಲಿ ಡಿಸ್ಕುಗಳು ಎಂಬಿಆರ್ ಪದ್ಧತಿಯಲ್ಲಿದ್ದವು. ಅದರಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕೇ ಇರಬಹುದು. ಎಚ್‌ಪಿಯ ಅನೇಕ ಲ್ಯಾಪ್‌ಟಾಪ್‌ಗಳು ಆ ನಾಲ್ಕನ್ನೂ ತುಂಬಿಯೇ ಬರುತ್ತಿದ್ದವು: ಸಿಸ್ಟಮ್, ಸಿ ಡ್ರೈವ್, ರಿಕವರಿ, ಎಚ್‌ಪಿ ಟೂಲ್ಸ್. ಉಬುಂಟು ಹಾಕಬೇಕೆಂದರೆ ಒಂದನ್ನು ಬಲಿ ಕೊಡಲೇಬೇಕಿತ್ತು. ಲಿನಕ್ಸ್ ಕಲಿಯಹೊರಟ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಿಕವರಿಯನ್ನು ಅಳಿಸಿದ್ದು ಆ ಇಕ್ಕಟ್ಟಿನಿಂದ. ವಿಂಡೋಸ್ 8ರಿಂದೀಚೆಗೆ ಲ್ಯಾಪ್‌ಟಾಪ್‌ಗಳು ಜಿಪಿಟಿ ಪದ್ಧತಿಗೆ ಬಂದವು. ಅದರಲ್ಲಿ ವಿಂಡೋಸ್ 128 ಪಾರ್ಟಿಷನ್‌ಗಳಿಗೆ ಅವಕಾಶ ಕೊಡುತ್ತದೆ. ಇಕ್ಕಟ್ಟು ತೀರಿ ಹತ್ತು ವರ್ಷಕ್ಕೂ ಮೇಲಾಯಿತು. ಉಪದೇಶ ಮಾತ್ರ, ತನಗೆ ಕಾರಣ ಉಳಿದಿಲ್ಲವೆಂಬುದನ್ನು ಗಮನಿಸದೆ, ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇದೆ.

'ವಿಂಡೋಸ್ ಪುಕ್ಕಟೆ ಡೌನ್‌ಲೋಡ್ ಸಿಗುತ್ತದಲ್ಲ' ಎಂಬುದು ಅವರ ಮುಖ್ಯ ವಾದ. ಸಿಗುತ್ತದೆ, ಒಪ್ಪಿದೆ. ಅದಕ್ಕೆ ಏನೇನು ಬೇಕು ಎಂದು ಎಣಿಸಿ ನೋಡೋಣ. ನಿಮ್ಮ ಲ್ಯಾಪ್‌ಟಾಪ್ ಸತ್ತಿದೆ, ಹಾಗಾಗಿ ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್ ಬೇಕು. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಹಲವು ಜಿಬಿ ಇಳಿಸಿಕೊಳ್ಳುವಷ್ಟು ನೆಟ್ ಬೇಕು. ಇಷ್ಟಾಗಿ ಇನ್‌ಸ್ಟಾಲ್ ಶುರುವಾದರೆ, 2020ರಲ್ಲಿ ಬಂದ ಇಂಟೆಲ್ 11ನೇ ಪೀಳಿಗೆಯಿಂದೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಸೆಟಪ್ಪಿಗೆ ಎಸ್‌ಎಸ್‌ಡಿಯೇ ಕಾಣಿಸುವುದಿಲ್ಲ. ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಡಿಸ್ಕ್ ಇರುವುದರಿಂದ ಇಂಟೆಲಿನ ಸ್ಟೋರೇಜ್ ಡ್ರೈವರ್ ಬೇರೆಯಾಗಿ ಒದಗಿಸಬೇಕು. 'ಡ್ರೈವ್ ಇಲ್ಲ' ಎಂಬ ಪರದೆ ನೋಡಿ ಡಿಸ್ಕ್ ಸುಟ್ಟೇಹೋಯಿತೆಂದು ಎದೆ ಒಡೆದುಕೊಳ್ಳುವವರು ಅನೇಕ. ಅದನ್ನು ದಾಟಿದರೆ ವಿಂಡೋಸ್ 11 ಹೋಮ್ ಸೆಟಪ್ ನಡುವಿನಲ್ಲಿ ಇಂಟರ್ನೆಟ್ ಕೇಳುತ್ತದೆ. ವೈ-ಫೈ ಡ್ರೈವರ್ ಡೌನ್‌ಲೋಡ್ ಪ್ರತಿಯಲ್ಲಿ ಇಲ್ಲದಿದ್ದರೆ ನೆಟ್ ಸಿಗುವುದಿಲ್ಲ, ನೆಟ್ ಇಲ್ಲದೆ ಡ್ರೈವರ್ ಬರುವುದಿಲ್ಲ. ಪರಿಣತರಿಗೆ ಇವೆಲ್ಲ ಹತ್ತು ನಿಮಿಷದ ತೊಡಕು. ಒಬ್ಬಳೇ ಕೂತ ಹುಡುಗಿಗೆ ಇದು ದಾಟಲಾಗದ ಗೋಡೆ. ತಯಾರಕರ ಪ್ರತಿಯಲ್ಲಿ ಈ ಡ್ರೈವರ್‌ಗಳೆಲ್ಲ ಕೂತೇ ಇರುತ್ತವೆ. ಬೆರಳಚ್ಚು, ವಿಶೇಷ ಕೀಲಿಗಳು, ಸ್ಪೀಕರ್ ಎಲ್ಲಕ್ಕೂ ಬೇಕಾದದ್ದನ್ನು ಆ ಮಾದರಿಗೆಂದೇ ಹೊಂದಿಸಿರುತ್ತಾರೆ.

ಗೋಡೆ ದಾಟಲಾಗದವರು ಎಲ್ಲಿಗೆ ಹೋಗುತ್ತಾರೆ? ಅಂಗಡಿಗೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನವರೆಗೆ 'ವಿಂಡೋಸ್ ಹಾಕಿಕೊಡುವ' ಅಂಗಡಿಗಳಿವೆ. ಪ್ರಾಮಾಣಿಕವಾಗಿ ದುಡಿಯುವವರು ಅವರಲ್ಲಿ ಬಹಳ. ಆದರೆ ಒಂದು ಪದ್ಧತಿಯನ್ನು ನೇರವಾಗಿ ಹೇಳಲೇಬೇಕು. ನಮ್ಮಲ್ಲಿ ಮಾರುವ ಬಹುಪಾಲು ಮನೆಬಳಕೆಯ ಲ್ಯಾಪ್‌ಟಾಪ್‌ಗಳ ಜೊತೆ ಬರುವುದು ವಿಂಡೋಸ್ ಹೋಮ್ ಸಿಂಗಲ್ ಲ್ಯಾಂಗ್ವೇಜ್. ಅದರ ಕೀ ಮದರ್‌ಬೋರ್ಡಿನ ಫರ್ಮ್‌ವೇರ್ ಒಳಗೇ ಇರುತ್ತದೆ. ಅಂಗಡಿಯ ಪೆನ್‌ಡ್ರೈವಿನಲ್ಲಿ ಎಲ್ಲರಿಗೂ ಒಂದೇ ಎಂದು ಪ್ರೊ ಆವೃತ್ತಿ ಇಟ್ಟುಕೊಂಡಿದ್ದರೆ ಆ ಕೀ ಅದಕ್ಕೆ ಹೊಂದುವುದಿಲ್ಲ. ಆಗ ಕಳ್ಳ ಆಕ್ಟಿವೇಟರ್ ಓಡಿಸುತ್ತಾರೆ. ಓಡಿಸುವ ಮೊದಲು ಆ್ಯಂಟಿವೈರಸ್ ಆರಿಸುತ್ತಾರೆ. ಲ್ಯಾಪ್‌ಟಾಪ್ ಕೊಂಡ ದಿನವೇ ವಿಂಡೋಸಿಗೂ ಸೇರಿಸಿ ದುಡ್ಡು ಕೊಟ್ಟ ಗ್ರಾಹಕಿ, ಮತ್ತೆ ದುಡ್ಡು ಕೊಟ್ಟು, ಕಳ್ಳ ಪ್ರತಿಯನ್ನೂ ಒಳಗೇನಿದೆಯೋ ತಿಳಿಯದ ತಂತ್ರಾಂಶವನ್ನೂ ಮನೆಗೆ ಒಯ್ಯುತ್ತಾಳೆ. ಜೊತೆಗೆ, ತನ್ನ ಫೋಟೊ, ಬ್ಯಾಂಕಿನ ಕಾಗದ, ಪತ್ರವ್ಯವಹಾರಗಳಿರುವ ಯಂತ್ರವನ್ನು ಅಪರಿಚಿತರ ಮೇಜಿನ ಮೇಲೆ ಒಂದು ದಿನ ಬಿಟ್ಟುಬರುತ್ತಾಳೆ. ಮನೆಯಲ್ಲೇ ಎಫ್11 ಒತ್ತಿ ಕೂತಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಅಳಿಸುವ ಸಲಹೆಯ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ನನ್ನನ್ನು ಕಾಡುವುದು ಈ ಕಾರಣಕ್ಕೆ.

ಎದುರಾಳಿಗಳ ಅತ್ಯಂತ ಬಲವಾದ ವಾದವನ್ನು ಬಚ್ಚಿಡಬಾರದು. ತಯಾರಕರ ಪ್ರತಿ ಶುದ್ಧವಲ್ಲ ಎಂದು ಅವರು ಹೇಳುತ್ತಾರೆ. ಹೌದು, ಶುದ್ಧವಲ್ಲ. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊ ಮಾರಿದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಕಾರ್ಖಾನೆಯಿಂದಲೇ ಬಂದಿತ್ತು. ಅದು ತನ್ನದೇ ರೂಟ್ ಸರ್ಟಿಫಿಕೇಟ್ ಹಾಕಿ, ಬ್ಯಾಂಕಿನಂಥ ಸುರಕ್ಷಿತ ತಾಣಗಳ ಸಂಪರ್ಕದ ನಡುವೆಯೂ ತಲೆ ತೂರಿಸುತ್ತಿತ್ತು. 2015ರ ಫೆಬ್ರುವರಿಯಲ್ಲಿ ವಿಷಯ ಬಯಲಾಯಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಕಂಪನಿ ರಾಜಿ ಮಾಡಿಕೊಳ್ಳಬೇಕಾಯಿತು. 2015ರ ನವೆಂಬರಿನಲ್ಲಿ ಡೆಲ್ ಯಂತ್ರಗಳಲ್ಲಿ ಇಡೆಲ್‌ರೂಟ್ ಎಂಬ ಅಂಥದೇ ಅಪಾಯಕಾರಿ ಸರ್ಟಿಫಿಕೇಟ್ ಪತ್ತೆಯಾಯಿತು. ಇಂಥ ಪ್ರತಿಯಿಂದ ಮರುಸ್ಥಾಪಿಸಿದರೆ ತೆಗೆದ ಕೊಳೆಯೂ ಮರಳಿ ಬರುತ್ತದೆ. ಹಳೆಯ ಪ್ರತಿಯಲ್ಲಿ ಅದಾದ ಮೇಲಿನ ಭದ್ರತಾ ಅಪ್‌ಡೇಟ್‌ಗಳು ಇರುವುದಿಲ್ಲ ಎಂಬುದೂ ಸತ್ಯ. ವನ್ನಾಕ್ರೈ ಎಂಬ ಕುತಂತ್ರಾಂಶ 2017ರ ಮೇನಲ್ಲಿ ಹಾವಳಿ ಎಬ್ಬಿಸಿತು, ಅದು ಬಳಸಿದ ದೋಷಕ್ಕೆ ಮೈಕ್ರೊಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. 2016ರ ಪ್ರತಿಯೊಂದರಿಂದ ಎದ್ದ ಯಂತ್ರಕ್ಕೆ ಆ ತೇಪೆ ಇರುವುದಿಲ್ಲ.

ಇಷ್ಟನ್ನೂ ಒಪ್ಪಿದ ಮೇಲೂ ಅಳಿಸಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಮರುಸ್ಥಾಪನೆಯಾದ ಕೂಡಲೇ ಎಲ್ಲ ಅಪ್‌ಡೇಟ್ ಹಾಕಿ, ಬೇಡದ ಟ್ರಯಲ್ ತಂತ್ರಾಂಶಗಳನ್ನು ತೆಗೆದುಹಾಕಿ ಎಂಬುದು ಅದರಿಂದ ಹೊರಡುವ ಪಾಠ. ಕೊಳೆ ಇದೆಯೆಂದು ಪ್ರತಿಯನ್ನೇ ಇಲ್ಲವಾಗಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಮೇಲಾಗಿ, ಕೊಳೆಯ ವಾದ ದೊಡ್ಡ ಪಾರ್ಟಿಷನ್ನಿಗಷ್ಟೇ ಅನ್ವಯಿಸುತ್ತದೆ. ಮೈಕ್ರೊಸಾಫ್ಟಿನ ಚಿಕ್ಕ ಪಾರ್ಟಿಷನ್ನಿನಲ್ಲಿ ಜಾಹೀರಾತೂ ಇಲ್ಲ, ಟ್ರಯಲ್ ಆ್ಯಂಟಿವೈರಸ್ಸೂ ಇಲ್ಲ. ಅದನ್ನು ಅಳಿಸಲು ಈ ವಾದವನ್ನು ಎತ್ತುವುದು ಯಾವ ನ್ಯಾಯ?

ಆ ಚಿಕ್ಕ ಪಾರ್ಟಿಷನ್ ಎಷ್ಟು ಮುಖ್ಯವೆಂಬುದನ್ನು ಜಗತ್ತೇ ಒಮ್ಮೆ ನೋಡಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೊಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಯಂತ್ರಗಳು ಎದ್ದ ಬಗೆ ಹೇಗೆ? ಅನೇಕ ಕಡೆ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕೂತು, ರಿಕವರಿ ಪರದೆಯಿಂದ ಸೇಫ್ ಮೋಡಿಗೋ ಕಮಾಂಡ್ ಪ್ರಾಂಪ್ಟಿಗೋ ಹೋಗಿ, ಕೆಟ್ಟ ಫೈಲೊಂದನ್ನು ಅಳಿಸಿದರು. ಆ ಪರದೆ ಇಲ್ಲದ ಯಂತ್ರಕ್ಕೆ ಹೊರಗಿನ ಪೆನ್‌ಡ್ರೈವ್ ಹುಡುಕಬೇಕಿತ್ತು.

ಮೈಕ್ರೊಸಾಫ್ಟ್ ಕೂಡ ಈ ಪಾರ್ಟಿಷನ್ನನ್ನು ಹಿಗ್ಗಿಸುವ ದಿಕ್ಕಿನಲ್ಲೇ ನಡೆದಿದೆ. 2024ರ ಜನವರಿಯಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಭದ್ರತೆಯನ್ನು ದಾಟಬಹುದಾದ ದೋಷ ಮುಚ್ಚಲು ವಿಂಡೋಸ್ 10ಕ್ಕೆ ಬಂದ ಕೆಬಿ5034441 ಅಪ್‌ಡೇಟ್, ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಜಾಗವಿಲ್ಲದ ಯಂತ್ರಗಳಲ್ಲಿ ವಿಫಲವಾಯಿತು. ಕಂಪನಿ ಕೊಟ್ಟ ಪರಿಹಾರ, ಸಿ ಡ್ರೈವಿನಿಂದ ಜಾಗ ಕಡಿದು ರಿಕವರಿಗೆ ಕೊಡಿ ಎಂಬುದಾಗಿತ್ತು. 2025ರ ಅಕ್ಟೋಬರಿನ ವಿಂಡೋಸ್ 11 ಅಪ್‌ಡೇಟ್ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸು ಕೆಲಸ ಮಾಡದಂತೆ ಮಾಡಿದಾಗ, ಮುಂದಿನ ತಿಂಗಳ ಸರದಿಗೆ ಕಾಯದೆ ಒಂದೇ ವಾರದಲ್ಲಿ ತುರ್ತು ತಿದ್ದುಪಡಿ ಹೊರಡಿಸಿದರು. ನಿರುಪಯೋಗಿ ವಸ್ತುವಿಗೆ ಯಾರೂ ಇಷ್ಟು ಧಾವಂತ ಪಡುವುದಿಲ್ಲ.

'ಡಿಸ್ಕೇ ಸತ್ತರೆ ಅದರೊಳಗಿನ ರಿಕವರಿಯೂ ಸಾಯುತ್ತದಲ್ಲ' ಎಂಬ ಇನ್ನೊಂದು ವಾದವಿದೆ. ಸಾಯುತ್ತದೆ. ಅಪ್‌ಡೇಟ್ ಅರ್ಧಕ್ಕೆ ನಿಂತಾಗ, ವೈರಸ್ ಹೊಕ್ಕಾಗ, ಸಿಸ್ಟಮ್ ಫೈಲ್ ಕೆಟ್ಟಾಗ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ. ಅಲ್ಲೆಲ್ಲ ರಿಕವರಿ ಕೈಹಿಡಿಯುತ್ತದೆ. ಡಿಸ್ಕ್ ಸಾವಿನ ಭಯ ಇನ್ನೊಂದು ಪ್ರತಿಯನ್ನು ಹೊರಗೆ ಇಟ್ಟುಕೊಳ್ಳಲು ಕಾರಣ, ಒಳಗಿರುವ ಒಂದನ್ನೂ ಕಳೆದುಕೊಳ್ಳಲು ಕಾರಣವಾಗದು. 'ಈಗ ಕ್ಲೌಡಿನಿಂದಲೇ ರಿಸೆಟ್ ಮಾಡಬಹುದು' ಎನ್ನುವವರಿಗೂ ಒಂದು ಮಾತು: 2020ರಲ್ಲಿ ಬಂದ ಆ ಸೌಲಭ್ಯವೂ ನಡೆಯುವುದು ಅದೇ ಚಿಕ್ಕ ಪಾರ್ಟಿಷನ್ನಿನ ಬಲದಿಂದ. ಅದನ್ನು ಅಳಿಸಿ ಕ್ಲೌಡಿನ ಮಾತಾಡುವುದು ಕೂಡಿಬರುವ ಮಾತಲ್ಲ.

ನನ್ನ ಆಕ್ರೋಶ ಉಪದೇಶಕರ ಮೇಲಷ್ಟೇ ಇಲ್ಲ. ಒಂದು ಕಾಲಕ್ಕೆ ಕಂಪ್ಯೂಟರ್ ಕೊಂಡರೆ ಪೆಟ್ಟಿಗೆಯಲ್ಲಿ ಮರುಸ್ಥಾಪನೆಯ ಸಿಡಿ ಇರುತ್ತಿತ್ತು. ಅದನ್ನು ನಿಲ್ಲಿಸಿ ತಯಾರಕರು ಗ್ರಾಹಕರ ಡಿಸ್ಕಿನ ಜಾಗದಲ್ಲೇ ಅದನ್ನು ತುಂಬಿದರು. ಬೇಕಿದ್ದರೆ ಡಿವಿಡಿ ನೀವೇ ಸುಟ್ಟುಕೊಳ್ಳಿ ಎಂದರು. ಎಚ್‌ಪಿ ಅದಕ್ಕೂ ಒಂದೇ ಸೆಟ್ ಎಂಬ ಮಿತಿ ಹಾಕಿತ್ತು. ಈಗ ಹಲವು ಮಾದರಿಗಳಲ್ಲಿ ತಯಾರಕರ ಪೂರ್ತಿ ಪ್ರತಿಯೂ ಮಾಯವಾಗುತ್ತಿದೆ. ಅಂದರೆ ಕೊಂಡವರ ಕೈಲಿದ್ದ ದುರಸ್ತಿಯ ಹಕ್ಕು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಿದೆ. ಇಂಥ ಹೊತ್ತಿನಲ್ಲಿ ಉಳಿದ ಕೊನೆಯ ತುಣುಕನ್ನೂ ನಾವೇ ಅಳಿಸಿಕೊಳ್ಳುವುದು ಅವರ ಕೆಲಸವನ್ನು ನಾವೇ ಮುಗಿಸಿಕೊಟ್ಟಂತೆ. ನಾವು ಕೇಳಬೇಕಾದದ್ದು ಹೆಚ್ಚು: ಪ್ರತಿ ಲ್ಯಾಪ್‌ಟಾಪಿನ ಜೊತೆ ಬೂಟ್ ಆಗುವ, ಜಾಹೀರಾತಿಲ್ಲದ, ಆ ಮಾದರಿಯ ಡ್ರೈವರ್‌ಗಳಿರುವ ಪೆನ್‌ಡ್ರೈವ್ ಕೊಡಿ ಎಂದು. ಹತ್ತಾರು ಸಾವಿರ ರೂಪಾಯಿಯ ಯಂತ್ರಕ್ಕೆ ಅದು ದೊಡ್ಡ ಖರ್ಚೇನೂ ಅಲ್ಲ.

ಹಾಗಾದರೆ ಎಂದೂ ಅಳಿಸಬಾರದೇ? ಅಳಿಸಬಹುದಾದವರು ಇದ್ದಾರೆ. ಇಡೀ ಡಿಸ್ಕನ್ನು ಲಿನಕ್ಸಿಗೆ ಕೊಟ್ಟು ವಿಂಡೋಸಿಗೆ ಮರಳುವುದೇ ಇಲ್ಲ ಎಂದು ನಿಶ್ಚಯಿಸಿದವರು, ಹಳೆಯ ಡಿಸ್ಕನ್ನು ಹಾಗೇ ಎತ್ತಿಟ್ಟು ಹೊಸ ಎಸ್‌ಎಸ್‌ಡಿ ಹಾಕಿಕೊಂಡವರು, ಹೊರಗಿನ ಪ್ರತಿಯನ್ನು ಮಾಡಿ ಪರೀಕ್ಷಿಸಿದವರು. ಅವರಲ್ಲೂ 2014ರ ಸುಮಾರಿನ ಕಡಿಮೆ ಜಾಗದ ವಿಂಡೋಸ್ 8.1 ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಇರುವವರು ಎಚ್ಚರ ವಹಿಸಬೇಕು. ವಿಮ್‌ಬೂಟ್ ಪದ್ಧತಿಯ ಯಂತ್ರಗಳಲ್ಲಿ ವಿಂಡೋಸ್ ತನ್ನ ಫೈಲುಗಳನ್ನು ರಿಕವರಿಯೊಳಗಿನ ಪ್ರತಿಯಿಂದಲೇ ಓದುತ್ತದೆ, ಅದನ್ನು ಅಳಿಸಿದರೆ ವಿಂಡೋಸೇ ಹೋಯಿತು.

ಉಳಿದವರೆಲ್ಲರಿಗೆ ನಾನು ಹೇಳುವ ಕ್ರಮ ಇದು. ಲ್ಯಾಪ್‌ಟಾಪ್ ಹೊಸದಾಗಿರುವಾಗಲೇ 32 ಜಿಬಿಯ ಪೆನ್‌ಡ್ರೈವ್ ತಂದು, ಸ್ಟಾರ್ಟ್ ಮೆನುವಿನಲ್ಲಿ 'ರಿಕವರಿ ಡ್ರೈವ್' ಎಂದು ಹುಡುಕಿ, ಸಿಸ್ಟಮ್ ಫೈಲುಗಳನ್ನೂ ಸೇರಿಸಿ ಪ್ರತಿ ಮಾಡಿಕೊಳ್ಳಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ಹಲವು ಮಾದರಿಗಳಿಗೆ ಮೂಲ ಪ್ರತಿ ಇಳಿಸಿಕೊಳ್ಳುವ ಸೌಲಭ್ಯ ಕೊಡುತ್ತವೆ. ನಿಮ್ಮದಕ್ಕೆ ಸಿಗುವುದಾದರೆ ಈಗಲೇ ಇಳಿಸಿಕೊಳ್ಳಿ. ಆ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಬೂಟ್ ಆಗುತ್ತದೆಯೇ, ಕೀಬೋರ್ಡು ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ನೋಡಿ. ಬಿಟ್‌ಲಾಕರಿನ 48 ಅಂಕಿಗಳ ಕೀಯನ್ನು ಕಾಗದದಲ್ಲಿ ಬರೆದಿಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುವುದು ಸಾಮಾನ್ಯ, ಆ ಕೀ ಇಲ್ಲದೆ ರಿಕವರಿಯೂ ನಿಮ್ಮ ಫೈಲುಗಳನ್ನು ತೆರೆಯಲಾರದು. ಇಷ್ಟೆಲ್ಲ ಆದ ಮೇಲೂ ಚಿಕ್ಕ ಪಾರ್ಟಿಷನ್ನನ್ನು ಮುಟ್ಟಬೇಡಿ. ದೊಡ್ಡದನ್ನು, ಜಾಗ ನಿಜವಾಗಿಯೂ ಸಾಲದೆ ಬಂದರೆ ಮಾತ್ರ, ಆಗ ಯೋಚಿಸಿ.

ತಂತ್ರಜ್ಞಾನದ ಸಲಹೆ ಕೊಡುವುದು ಒಂದು ಹೊಣೆ. ಅಳಿಸಿ ಎಂದು ಹೇಳುವ ಮೊದಲು ಕೇಳುವವರ ಬಳಿ ಹೊರಗಿನ ಪ್ರತಿ ಇದೆಯೇ, ಎರಡನೆಯ ಕಂಪ್ಯೂಟರ್ ಇದೆಯೇ, ಅಂಗಡಿಗೆ ಹೋಗದೆ ವಿಂಡೋಸ್ ಹಾಕಲು ಬರುತ್ತದೆಯೇ ಎಂದು ಕೇಳಲೇಬೇಕು. ಕೇಳದೆ ಕೊಡುವ ಸಲಹೆಯಿಂದ ಇನ್ನೊಬ್ಬರ ಯಂತ್ರ ಕೆಟ್ಟು ಕೂತರೆ, ಅದರ ಹೊಣೆ ಸಲಹೆ ಕೊಟ್ಟವರದೇ. ಇಪ್ಪತ್ತು ಜಿಬಿ ಇಂದಲ್ಲ ನಾಳೆ ಕೊಳ್ಳಬಹುದು. ಕೆಟ್ಟದ್ದನ್ನು ತಾನೇ ಸರಿಪಡಿಸಿಕೊಳ್ಳುವ ಅವಕಾಶ ಕೈತಪ್ಪಿದರೆ, ಲ್ಯಾಪ್‌ಟಾಪ್ ಕೊಂಡವರು ಅದರ ಒಡೆಯರಾಗಿ ಉಳಿಯುವುದಿಲ್ಲ.